ಕೆಟ್ಟ ಸುದ್ದಿ ಹೇಳಿದ ಮೇಲೆ

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿದ್ದವು, ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆಯ ಹಾಗೆ. ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುವುದಕ್ಕೆ ಮೊದಲು ಹಾಕುವ ಬಣ್ಣ ಅದು. ಲ್ಯಾಬಿನವರು "ಗ್ಲೌಸ್ ಹಾಕ್ಕೊಳಿ ಮೇಡಂ" ಎಂದು ಹೇಳಿ ಹೇಳಿ ಸೋತಿದ್ದರು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ಅದೇ ಬೆರಳಿನಿಂದ ರೋಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಹೊಸದಾಗಿ ಬಂದ ಹಳ್ಳಿಯ ಹೆಂಗಸರು ತಮ್ಮ ಕಾಯಿಲೆ ಮರೆತು, "ಅಯ್ಯೋ, ಬಾಗ್ಲಿಗೆ ಕೈ ಸಿಕ್ಕಾಕತಾ ಡಾಕ್ಟ್ರಮ್ಮಾ?" ಎಂದು ಕನಿಕರದಿಂದ ಕೇಳುತ್ತಿದ್ದರು. "ಊಂ ಕಣವ್ವ, ದಿನಾ ಸಿಕ್ಕಾಕತದೆ" ಅನ್ನುತ್ತಿದ್ದರು ಮೇಡಂ, ಮುಖದಲ್ಲಿ ಒಂದಿಷ್ಟೂ ನಗೆ ಇಲ್ಲದೆ.

ಅವರು ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತದ ಕಾಯಿಲೆಗಳ ವಿಭಾಗದ ಮುಖ್ಯಸ್ಥೆ. ನಾನು ಆ ವಿಭಾಗದ ಅತಿ ಕಿರಿಯ ಡಾಕ್ಟರು. ಕಿರಿಯ ಡಾಕ್ಟರು ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮನೆಗೆ ಬಂದ ಹೊಸ ಸೊಸೆ. ಎಲ್ಲರಿಗಿಂತ ಮೊದಲು ಏಳಬೇಕು, ಎಲ್ಲರೂ ಉಂಡ ಮೇಲೆ ಉಣ್ಣಬೇಕು, ಏನು ತಪ್ಪಿದರೂ ನಮ್ಮದೇ. ರಕ್ತ ತೆಗೆಯುವುದು, ರಕ್ತ ಏರಿಸುವುದು, ಬ್ಲಡ್ ಬ್ಯಾಂಕಿನವರ ಕೈಕಾಲು ಹಿಡಿಯುವುದು, ಮೇಡಂ ಕೇಳುವ ಮೊದಲೇ ರಿಪೋರ್ಟು ಬಾಯಿಪಾಠ ಮಾಡಿಕೊಂಡಿರುವುದು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ನಂಜನಗೂಡಿನಲ್ಲಿ ಅಪ್ಪನ ಮುದ್ದಿನಲ್ಲಿ ಬೆಳೆದವಳು. ಸೇರಿದ ವಾರದಲ್ಲೇ ಬಿಟ್ಟು ಹೋಗುತ್ತೇನೆಂದು ಅಮ್ಮನಿಗೆ ಫೋನು ಮಾಡಿದ್ದೆ. "ಬಾ, ಬಂದು ಎಮ್ಮೆ ಮೇಯಿಸು" ಎಂದು ಅಮ್ಮ ಫೋನಿಟ್ಟಳು. ನಮ್ಮ ಮನೆಯಲ್ಲಿ ಎಮ್ಮೆಯೂ ಇರಲಿಲ್ಲ.

ಮೇಡಂ ಅವರದು ಒಂದು ವಿಚಿತ್ರ ಪದ್ಧತಿ ಇತ್ತು. ಬೆಳಗಿನ ರೌಂಡ್ಸನ್ನು ಮೊದಲ ಹಾಸಿಗೆಯಿಂದ ಶುರು ಮಾಡುತ್ತಿರಲಿಲ್ಲ. ಹಿಂದಿನ ದಿನ ಯಾರಿಗೆ ಕೆಟ್ಟ ಸುದ್ದಿ ಹೇಳಿದ್ದಾರೋ ಅವರ ಹಾಸಿಗೆಗೆ ಮೊದಲು ಹೋಗುತ್ತಿದ್ದರು. ಇದು ಸುಲಭ ಅಂದುಕೊಳ್ಳಬೇಡಿ. "ನಿಮ್ಮ ಯಜಮಾನ್ರು ಉಳಿಯೋದು ಕಷ್ಟ" ಎಂದು ಹೇಳಿದ ಮಾರನೆಯ ದಿನ ಆ ಕಡೆ ಯಾವ ಡಾಕ್ಟರ ಕಾಲೂ ಬೇಗ ಹೋಗುವುದಿಲ್ಲ. ಇನ್ನೇನು ಹೇಳುವುದು ಉಳಿದಿರುತ್ತದೆ?

ಬನ್ನೂರು ಕಡೆಯಿಂದ ಬಂದ ಒಬ್ಬರಿದ್ದರು, ಬ್ಲಡ್ ಕ್ಯಾನ್ಸರು, ಕೈ ಮೀರಿತ್ತು. ಆ ರೋಗಿಯ ಹೆಂಡತಿಗೆ ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಯಮ್ಮ ಅಳಲಿಲ್ಲ. ವಾರ್ಡಿಗೆ ಕೇಳುವ ಹಾಗೆ ಮೇಡಂ ಅವರನ್ನು ಬೈದಳು. "ನಿನ್ ಬಾಯ್ಗೆ ಮಣ್ಣಾಕ, ನಿನ್ ನಾಲ್ಗೆ ಸೇದೋಗ" ಅಂದಳು. ಮರುದಿನ ಬೆಳಿಗ್ಗೆ ಮೇಡಂ ನೇರವಾಗಿ ಅವಳ ಹತ್ತಿರವೇ ಹೋಗಿ, ಸ್ಟೂಲು ಎಳೆದುಕೊಂಡು ಕೂತು, "ಏನವ್ವಾ, ಕಾಫಿ ಕುಡುದ್ಯಾ?" ಎಂದು ಕೇಳಿದರು. ಅವಳು ಮುಖ ತಿರುಗಿಸಿದಳು. ಅದರ ಮರುದಿನವೂ ಕೇಳಿದರು. ಮೂರನೆಯ ದಿನ ಅವಳೇ ಮೇಡಂಗೆಂದು ಸ್ಟೂಲನ್ನು ಹತ್ತಿರಕ್ಕೆ ಎಳೆದು ಇಟ್ಟಿದ್ದಳು.

"ಕೆಟ್ಟ ಸುದ್ದಿ ಹೇಳಿದೋರು ಮುಖ ತಪ್ಪಿಸ್ಕೋಬಾರ್ದು ಕಣಮ್ಮಾ" ಎಂದು ನನಗೆ ಹೇಳಿದ್ದರು. "ಹೇಳೋದು ಅರ್ಧ ಕೆಲಸ. ಬೈಸ್ಕೊಳ್ಳೋದು ಇನ್ನರ್ಧ."

ಚೆನ್ನಾಗಿ ಹೇಳಿದರು ಅಂದುಕೊಂಡೆ. ಆ ಮಾತಿನ ಬಿಸಿ ನನ್ನ ಮನೆಗೇ ತಟ್ಟುತ್ತದೆಂದು ಆಗ ಗೊತ್ತಿರಲಿಲ್ಲ.

ನಮ್ಮ ವಿಭಾಗಕ್ಕೆ ಸೇರಿದ ಹೊಸ ಡಾಕ್ಟರುಗಳು ಮೊದಲು ನೋಡಬೇಕಾದದ್ದು ತಮ್ಮದೇ ರಕ್ತ. "ಕಂಡೋರ ಮೈಗೆ ಸೂಜಿ ಚುಚ್ಚೋಕೆ ಮುಂಚೆ ನಿಮ್ಮ ಮೈಗೆ ಚುಚ್ಕೊಳಿ" ಎನ್ನುವುದು ಮೇಡಂ ಅವರ ನಿಯಮ. ನಾನೂ ಬೆರಳು ಚುಚ್ಚಿಕೊಂಡು, ಹನಿ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿಗಿಟ್ಟೆ. ಮೇಡಂ ಬಗ್ಗಿ ನೋಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ನನ್ನ ಹನಿ ಎಳೆಯುವ ಕೈಚಳಕಕ್ಕೆ ಬೆರಗಾಗಿದ್ದಾರೆ ಅಂತ ನನ್ನ ಲೆಕ್ಕ.

"ನಿಂಗೆ ಚಿಕ್ಕ ವಯಸ್ಸಿಂದ ರಕ್ತ ಕಡಿಮೆ ಅಂತಿದ್ರಾ?" ಎಂದು ಕೇಳಿದರು.

ಹೌದು, ಅನ್ನುತ್ತಿದ್ದರು. ಹೈಸ್ಕೂಲಿನಿಂದ ಕಬ್ಬಿಣದ ಮಾತ್ರೆ ನುಂಗಿದ್ದೆ. ಅಮ್ಮ ನುಗ್ಗೆಸೊಪ್ಪು, ಬೆಲ್ಲ, ಖರ್ಜೂರ ಅಂತ ತಿನ್ನಿಸಿ ತಿನ್ನಿಸಿ ನನಗೆ ನುಗ್ಗೆಮರ ಕಂಡರೇ ಆಗದಂತೆ ಮಾಡಿದ್ದಳು. ರಕ್ತ ಮಾತ್ರ ಇದ್ದ ಕಡೆಯೇ ಇತ್ತು.

ಇನ್ನೊಂದು ಪರೀಕ್ಷೆ ಮಾಡಿಸಿದರು. ನನ್ನದು ಕಬ್ಬಿಣದ ಕೊರತೆಯಲ್ಲ. ನಾನು ಥಲಸ್ಸೇಮಿಯಾದ ವಾಹಕಿ. ಅಂದರೆ ನನಗೇನೂ ಕಾಯಿಲೆಯಿಲ್ಲ, ನೂರು ವರ್ಷ ಬದುಕಬಹುದು. ಆದರೆ ನನ್ನಂಥದೇ ಇನ್ನೊಬ್ಬರನ್ನು ಮದುವೆಯಾದರೆ, ಹುಟ್ಟುವ ಮಗುವಿಗೆ ಎರಡೂ ಕಡೆಯ ದೋಷ ಕೂಡಬಹುದು. ಹಾಗೆ ಕೂಡಿದ ಮಕ್ಕಳಿಗೆ ತಮ್ಮ ರಕ್ತ ತಾವೇ ಮಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಹುಟ್ಟಿದ ವರ್ಷದಿಂದ ಕೆಲವು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡೇ ಬದುಕಬೇಕು. ಅಂಥ ಮಕ್ಕಳ ಪುಟ್ಟ ಕೈಯಲ್ಲಿ ನರ ಹುಡುಕುವುದೇ ಮುಂದೆ ನನ್ನ ದಿನದ ಕೆಲಸವಾಯಿತು.

"ಮದುವೆ ಗೊತ್ತಾಗಿದ್ಯಾ?" ಎಂದರು ಮೇಡಂ.

ಗೊತ್ತಾಗಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಗೊತ್ತಾಗಿತ್ತು. ಅಮ್ಮನ ಅಣ್ಣ, ನನ್ನ ಸೋದರಮಾವ, ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಅವರ ಮಗ ನಮ್ಮ ಬಾವ. ನಮ್ಮೂರಿನ ಪಕ್ಕದ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಮುಗಿದರೆ ನಂಜನಗೂಡಿನ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದ. ನನಗೆ ಅವನೆಂದರೆ ಇಷ್ಟವಿತ್ತು. ಹಿರಿಯರು ಹೇಳಿದರೆಂದು ಬಂದ ಇಷ್ಟವಲ್ಲ. ನನ್ನ ಸಿಟ್ಟನ್ನು ನೋಡಿ ನಗುತ್ತಿದ್ದ ಮನುಷ್ಯ ಅವನೊಬ್ಬನೇ. ನನ್ನ ಓದು ಮುಗಿಯಲಿ ಎಂದು ಎರಡೂ ಮನೆಯವರು ಕಾದಿದ್ದರು.

ನಾನು ಹೇಳಿದ್ದನ್ನೆಲ್ಲ ಮೇಡಂ ಕೇಳಿದರು. ಬೇಡ ಅನ್ನಲಿಲ್ಲ. "ಅವನದೂ ಒಂದ್ಸಲ ನೋಡ್ಬೇಕಲ್ಲಮ್ಮಾ" ಅಂದರು, ಅಷ್ಟೇ.

ಮೊದಲು ಅಮ್ಮನದು ನೋಡಿಸಿದೆ. ಅವಳಲ್ಲೂ ಇತ್ತು. ಇನ್ನು ಅವಳ ಅಣ್ಣನಲ್ಲಿ ಇಲ್ಲದಿರಲಿ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತೆ, ಡಾಕ್ಟರಾಗಿ ನಾಚಿಕೆಯಿಲ್ಲದೆ. ಆದರೆ ಬಾವನ ರಕ್ತ ಕೇಳುವುದು ಹೇಗೆ? ನಮ್ಮ ಕಡೆ ಮದುವೆ ಗಂಡಿನ ರಕ್ತ ಪರೀಕ್ಷೆ ಮಾಡಿಸಿ ಅಂದರೆ ಊರಿಗೆಲ್ಲ ಒಂದೇ ಅರ್ಥ: ಹುಡುಗ ಎಲ್ಲೋ ಹೋಗಿ 'ಆ ಕಾಯಿಲೆ' ತಂದುಕೊಂಡಿದ್ದಾನೆ. ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಗಂಡಿನ ರಕ್ತ ಕೇಳ್ತೀಯೇನೇ? ನಮ್ಮಣ್ಣ ನನ್ನ ತವರು ಬಾಗಿಲು ಮುಚ್ಚಿಸ್ತಾನೆ" ಎಂದಳು.

ಇದನ್ನು ಮೇಡಂಗೆ ಹೇಳಿದೆ. "ನಿನ್ನ ಮಾವನಿಗೆ ಫೋನು ಮಾಡಿ, ನಮ್ಮ ದೊಡ್ಡ ಡಾಕ್ಟ್ರು ಊಟಕ್ಕೆ ಬರ್ತಾರೆ ಅಂತ ಹೇಳು" ಅಂದರು. ತಿಂಗಳಿಗೊಂದು ಶನಿವಾರ ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕೂತು ರೋಗಿಗಳನ್ನು ನೋಡುವುದು ಅವರ ರೂಢಿ. "ಬಸ್ಸಲ್ಲಿ ನೇತಾಡ್ಕೊಂಡು ಅವರು ಮೈಸೂರಿಗೆ ಬರೋ ಬದಲು ನಾವೇ ಹೋಗೋಣ" ಅನ್ನುತ್ತಿದ್ದರು. ಆ ಶನಿವಾರ ಕೆಲಸ ಮುಗಿಸಿ ಮಾವನ ಮನೆಗೆ ಹೋದೆವು.

ಮಾವ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಇಸ್ತ್ರಿ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಅತ್ತೆ ಹಿತಕಿದಬೇಳೆ ಸಾರು, ಮುದ್ದೆ, ಹಪ್ಪಳ, ಪಾಯಸ ಮಾಡಿದ್ದರು. ಮೇಡಂ ಎರಡನೆಯ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡರು. ಕೈ ತೊಳೆದು ಬಂದು, ಎಲೆಯಡಿಕೆ ತಟ್ಟೆ ಮುಂದಿಟ್ಟಾಗ, ಅದನ್ನು ಮುಟ್ಟದೆ ಹೇಳಿದರು.

"ಯಜಮಾನ್ರೇ, ನಾನು ಊಟಕ್ಕೆ ಮಾತ್ರ ಬಂದೋಳಲ್ಲ. ನಿಮ್ಮ ಮಗನ ರಕ್ತ ಕೇಳೋಕೂ ಬಂದಿದೀನಿ."

ಅತ್ತೆಯ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಮೇಡಂ ಅವಸರವಿಲ್ಲದೆ, ನನ್ನಲ್ಲಿ ಏನಿದೆ, ಅಮ್ಮನಲ್ಲಿ ಏನಿದೆ, ಇದು ಯಾರೂ ಮಾಡಿದ ತಪ್ಪಲ್ಲ, ಹುಟ್ಟಿನಿಂದ ಬಂದದ್ದು ಎಂದು ಹಳ್ಳಿಯವರಿಗೆ ತಿಳಿಯುವ ಮಾತಲ್ಲಿ ಬಿಡಿಸಿ ಹೇಳಿದರು. ಮಾವನ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾವ ಅಂಗಿಯ ತೋಳು ಮಡಿಸಿ, "ತಗಳಿ ಮೇಡಂ" ಎಂದು ಕೈ ಚಾಚಿದ.

"ತಡಿಯಾ" ಎಂದು ಮಾವ ಗದರಿದರು. "ಇವ್ನೊಬ್ಬಂದೇ ತಗಂಡ್ರೆ ನಾಳೆ ಊರೋರು ಏನಂದಾರು? ತಗಳಂಗಿದ್ರೆ ಎಲ್ಲಾರ್ದೂ ತಗಳಿ."

ತಗೊಂಡೆವು. ಊಟದ ಪಂಕ್ತಿಯಲ್ಲಿ ಕೂತ ಹಾಗೆ ಗೋಡೆಗೊರಗಿ ಸಾಲಾಗಿ ಕೂತರು. ಮಾವ, ಅತ್ತೆ, ಬಾವ, ಅತ್ತೆಯ ತಂಗಿ, ಅಂಗಡಿಯಲ್ಲಿ ಮೂಟೆ ಹೊರುವ ಮುದುಕ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯಾಕೆಯನ್ನೂ ಮಾವ ಬಿಡಲಿಲ್ಲ. "ನಂಗ್ಯಾಕಣ್ಣ, ನಂಗೇನು ಮದ್ವೆನಾ?" ಎಂದು ಆಕೆ ಕೂಗಿದಳು. "ಸುಮ್ಕೆ ಕುಂತ್ಕೊ, ಊರ್ಗೇ ಟೆಸ್ಟು ಅಂತ ಓಗಿ ಏಳೋಕೆ ನೀನೇ ಬೇಕು" ಅಂದರು ಮಾವ. ಮೇಡಂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ರಿಪೋರ್ಟು ಬಂತು. ಮಾವನಲ್ಲಿ ಇತ್ತು. ಬಾವನಲ್ಲೂ ಇತ್ತು.

ಮೇಡಂ ನಮ್ಮಿಬ್ಬರನ್ನೇ ಕರೆದು, ಬಾಗಿಲು ಹಾಕಿ ಹೇಳಿದರು. ಒಂದೊಂದು ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಬಸಿರಾದ ಮೇಲೆ ಮುಂಚೆಯೇ ಪರೀಕ್ಷೆ ಮಾಡಿ ತಿಳಿಯಬಹುದು, ಕೆಟ್ಟದ್ದಿದ್ದರೆ ಮುಂದುವರಿಸುವುದೋ ಬಿಡುವುದೋ ನಿಮ್ಮದೇ ತೀರ್ಮಾನ. "ಮದುವೆ ಮಾಡ್ಕೋಬೇಡಿ ಅನ್ನೋಕೆ ನಾನ್ಯಾರು? ಮಾಡ್ಕೊಂಡ್ರೆ ನಿಮ್ಮ ಜೊತೇಲಿ ನಿಂತ್ಕೋತೀನಿ. ಬೇಡ ಅಂದ್ರೆ ಮನೆಯೋರಿಗೆ ನಾನು ಹೇಳ್ತೀನಿ."

ನಾನು ಮಾಡಿಕೊಳ್ಳೋಣ ಅಂದೆ. ಪರೀಕ್ಷೆ ಇದೆಯಲ್ಲ, ನಾನೇ ಡಾಕ್ಟರಲ್ಲವೇ, ಏನು ಭಯ ಅಂದೆ. ಬಾವ ಎದ್ದು ಹೋದ. ಮನೆಗೆ ಹೋಗಿರಬೇಕು ಅಂದುಕೊಂಡೆ. ಮಧ್ಯಾಹ್ನ ನೋಡಿದರೆ, ಮಕ್ಕಳಿಗೆ ರಕ್ತ ಏರಿಸುವ ವಾರ್ಡಿನಲ್ಲಿ ಕೂತಿದ್ದಾನೆ. ಎದುರಿನ ಹಾಸಿಗೆಯಲ್ಲಿ ನಂಜನಗೂಡಿನ ಕಡೆಯ ಒಂದು ಪುಟ್ಟ ಹುಡುಗಿ, ಅವಳ ತಾಯಿ. ಸೂಜಿ ಹಾಕುವಾಗ ಆ ಮಗು ಅಳುವುದಿಲ್ಲ. ಅಭ್ಯಾಸವಾಗಿಹೋಗಿದೆ, ತಾನೇ ಕೈ ಚಾಚುತ್ತದೆ. ಬಾವ ಸಂಜೆಯವರೆಗೂ ಅಲ್ಲೇ ಕೂತಿದ್ದು, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹೇಳಿದ.

"ಬ್ಯಾಡ ಕಣಮ್ಮಿ. ನೀನು ಡಾಕ್ಟ್ರು, ನೀನು ತಡ್ಕತಿಯ. ಆ ಕೂಸು ಅಳ್ದೆ ಕೈ ಕೊಡ್ತಲ್ಲ, ಅದ ನನ್ ಕೈಲಿ ನೋಡಕಾಗಕಿಲ್ಲ."

ನಾನು ರಸ್ತೆಯಲ್ಲೇ ಅತ್ತೆ. ಅವನೂ ಅತ್ತ. ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಮೇಡಂ ಮೇಲೆ. ಈ ಹೆಂಗಸಿಗೆ ಬೇರೆ ಕೆಲಸವಿರಲಿಲ್ಲವೇ, ನನ್ನ ರಕ್ತವನ್ನು ಅಷ್ಟು ಹೊತ್ತು ಬಗ್ಗಿ ನೋಡು ಅಂತ ಯಾರು ಹೇಳಿದ್ದರು ಎಂದು ವಾರಗಟ್ಟಲೆ ಉರಿದೆ. ಅವರು ಮಾತ್ರ ಪ್ರತಿದಿನ ಬೆಳಿಗ್ಗೆ ರೌಂಡ್ಸಿಗೆ ಮುಂಚೆ ನನ್ನ ಮೇಜಿಗೆ ಬಂದು, "ಕಾಫಿ ಕುಡುದ್ಯೇನಮ್ಮಾ?" ಎಂದು ಕೇಳುತ್ತಿದ್ದರು. ನಾನೂ ಅವರ ರೋಗಿಗಳಲ್ಲಿ ಒಬ್ಬಳಾಗಿದ್ದೇನೆಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು.

ಮಾವನಿಗೂ ಅವರೇ ಹೋಗಿ ಹೇಳಿದರು, ಅಂಗಡಿಯಲ್ಲೇ. ನಾನು ಕಾರಿನಲ್ಲಿ ಕೂತಿದ್ದೆ, ಇಳಿಯಲು ಧೈರ್ಯವಾಗಲಿಲ್ಲ. ಮಾವನ ದನಿ ರಸ್ತೆಗೆ ಕೇಳಿಸಿತು.

"ನಮ್ಮನೇಲಿ ಉಂಡು, ನಮ್ಮನೆ ಮದ್ವೆನೇ ಮುರುದ್ಬುಟ್ರಲ್ಲಾ! ನೀವು ಹೆಂಗ್ಸಾ?"

"ಹೌದು ಯಜಮಾನ್ರೇ, ಉಂಡಿದೀನಿ. ಉಂಡ ಮನೆಗೆ ಸುಳ್ಳು ಹೇಳೋಕಾಗ್ಲಿಲ್ಲ" ಅಂದರು ಮೇಡಂ. ಊರು ದಾಟಿದ ಮೇಲೆ ಕಾರು ಬದಿಗೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈಸಿಕೊಳ್ಳುವುದು ಅವರಿಗೆ ಹಿತವಾಗಿತ್ತು ಅಂತ ನಾನು ಅಂದುಕೊಂಡಿದ್ದರೆ, ಅದು ಅವತ್ತಿಗೆ ಹೋಯಿತು.

ಊರಿನವರು ಸುಮ್ಮನಿದ್ದಾರೆಯೇ? ಡಾಕ್ಟ್ರು ಓದಿದ ಮೇಲೆ ಹುಡುಗಿಗೆ ಕೊಬ್ಬು ಬಂತು, ಫ್ಯಾಕ್ಟರಿಯವನು ಬೇಡವಾದ ಎಂದು ಒಬ್ಬರು. ಹುಡುಗನಿಗೇ ಏನೋ ಇದೆ ಎಂದು ಇನ್ನೊಬ್ಬರು. ಅಮ್ಮ ಎರಡು ಹಬ್ಬಕ್ಕೆ ತವರಿಗೆ ಹೋಗಲಿಲ್ಲ, ಮಾವ ಕರೆಯಲೂ ಇಲ್ಲ.

ಮೇಡಂ ಮಾತ್ರ ಹೋದರು. ಪ್ರತಿ ತಿಂಗಳ ಶನಿವಾರ ಆಸ್ಪತ್ರೆಯ ಕೆಲಸ ಮುಗಿಸಿ, ಮಾವನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿದು, "ಚೆನ್ನಾಗಿದೀರಾ ಯಜಮಾನ್ರೇ?" ಎಂದು ಕೇಳಿ, ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದರು. ಮಾವ ಯೂರಿಯಾ ಮೂಟೆಗಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಒಂದಷ್ಟು ಹೊತ್ತು ಕೂತು ಎದ್ದು ಬರುತ್ತಿದ್ದರು. "ಯಾಕೆ ಮೇಡಂ ಈ ಅವಮಾನ?" ಎಂದು ನಾನು ಕೇಳಿದರೆ, "ಬೆಂಚು ಚೆನ್ನಾಗಿದೆ ಕಣೇ, ಗಾಳಿ ಬರುತ್ತೆ" ಅನ್ನುತ್ತಿದ್ದರು.

ಆ ಬೆಂಚಿಗೆ ಬರುಬರುತ್ತಾ ಜನ ಸೇರಿದರು. ಗೊಬ್ಬರ ಕೊಳ್ಳಲು ಬಂದವರು, "ಮೇಡಮ್ಮಾರೆ, ನಮ್ಮೆಂಗ್ಸು ನಾಲ್ಕೆಜ್ಜೆ ನಡುದ್ರೆ ಉಸ್ರು ಕಟ್ತಳೆ" ಎಂದು ಶುರು ಮಾಡಿದರು. ಮುಂದಿನ ತಿಂಗಳು ಹೆಂಡತಿಯರನ್ನೇ ಕರೆತಂದರು. ಮೇಡಂ ಅಲ್ಲೇ ಕಣ್ಣಿನ ರೆಪ್ಪೆ ಎಳೆದು ನೋಡಿ, ಆಸ್ಪತ್ರೆಗೆ ಬನ್ನಿ ಎಂದು ಹೇಳುತ್ತಿದ್ದರು. ಮಾವನ ವ್ಯಾಪಾರಕ್ಕೇ ಅಡ್ಡಿಯಾಯಿತು. ಒಂದು ಬೇಸಿಗೆಯ ಶನಿವಾರ, ಯಾರ ಕಡೆಯೂ ನೋಡದೆ ಮಾವ ಹೇಳಿದರು: "ಒಳೀಕ್ ಬಂದು ಫ್ಯಾನ್ ಕೆಳ್ಗೆ ಕುಂತ್ಕಳಿ. ಬಿಸ್ಲಲ್ಲಿ ಕುಂತು ನೀವೇ ಬಿದ್ದೋದ್ರೆ ನಮ್ ತಲೆ ಮ್ಯಾಲೆ ಬತ್ತದೆ."

ಅವತ್ತು ಮೈಸೂರಿಗೆ ಬರುವ ದಾರಿಯುದ್ದಕ್ಕೂ ಮೇಡಂ ಏನೋ ಗುನುಗುತ್ತಲೇ ಬಂದರು. ರಾಗವೂ ಇಲ್ಲ, ತಾಳವೂ ಇಲ್ಲ. ಹಾಡು ಅವರಿಗೆ ಒಲಿದದ್ದಲ್ಲ.

ಮುಂದೆ ಬಾವನಿಗೆ ಹೆಣ್ಣು ಗೊತ್ತಾದಾಗ, ಮಾವನೇ ಹೆಣ್ಣಿನ ಅಪ್ಪನನ್ನೂ ಹೆಣ್ಣನ್ನೂ ಕರೆದುಕೊಂಡು ನಮ್ಮ ವಿಭಾಗಕ್ಕೆ ಬಂದರು. "ಜಾತ್ಕ ಕೂಡ್ಬಂದದೆ ಮೇಡಮ್ಮಾರೆ. ಇನ್ನು ನೀವ್ ಏಳ್ಬೇಕು" ಎಂದರು. ಆ ಹುಡುಗಿಯ ರಕ್ತ ತೆಗೆದವಳು ನಾನೇ. ಒಳ್ಳೆಯ ಹುಡುಗಿ, ಹೆದರಿ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳಲ್ಲಿ ಏನೂ ಇರಲಿಲ್ಲ. ರಿಪೋರ್ಟು ಕೊಡುವಾಗ ಸಂತೋಷವಾಯಿತು ಅಂದರೆ ಸುಳ್ಳು, ಆಗಲಿಲ್ಲ ಅಂದರೂ ಸುಳ್ಳು. ನನಗೂ ಆಮೇಲೆ ಮದುವೆಯಾಯಿತು. ನನ್ನವರ ರಕ್ತ ನೋಡಿಯೇ ಆದೆ. ಬೆರಳು ಚುಚ್ಚಿದಾಗ ಕಿರುಚಿದರು, ಅದನ್ನು ಇವತ್ತಿಗೂ ಆಡಿಕೊಳ್ಳುತ್ತೇನೆ.

ನಿವೃತ್ತಿಯಾದ ಮೇಲೂ ಮೇಡಂ ನರಸೀಪುರದ ಶನಿವಾರ ಬಿಡಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಅಲ್ಲೇ ಕುಸಿದು ಕೂತರಂತೆ. ಹೃದಯ ನಿಂತಿತ್ತು. ಬನ್ನೂರಿನ ಹತ್ತಿರದ ಅವರ ತವರೂರಿಗೆ ತೆಗೆದುಕೊಂಡು ಹೋದರು. ಸುದ್ದಿಯನ್ನು ಮಾವನಿಗೆ ಫೋನಿನಲ್ಲಿ ಹೇಳಿದ್ದು ನಾನು. ಆ ಕಡೆಯಿಂದ ಅಂಗಡಿಯ ಷಟರ್ ಎಳೆದ ಸದ್ದು ಕೇಳಿಸಿತು.

ಜಗಲಿಯ ಮೇಲೆ ಮಲಗಿಸಿದ್ದರು. ಅಂಗಳದ ತುಂಬ ಜನ. ಅರ್ಧಕ್ಕರ್ಧ ಜನ ನಮ್ಮ ಆಸ್ಪತ್ರೆಯಲ್ಲಿ ತಮ್ಮವರನ್ನು ಕಳೆದುಕೊಂಡವರು. ನಾನು ಗುರುತು ಹಿಡಿದೆ. ಯಾರೂ ಜೋರಾಗಿ ಅಳುತ್ತಿರಲಿಲ್ಲ. ನನಗಂತೂ ಕಣ್ಣೀರೇ ಬಂದಿರಲಿಲ್ಲ. ಹೂವು ತರಿಸುವುದು, ನೀರು ಕೊಡಿಸುವುದು, ಕಾರು ಸರಿಸುವುದು ಎಂದು ಓಡಾಡುತ್ತಿದ್ದೆ.

ಮಾವ ಬಂದರು, ಹೆಗಲ ಮೇಲೆ ಬಾವನ ಮಗ. ಹಿಂದೆ ಬಾವ, ಅವನ ಹೆಂಡತಿ. ಮಾವ ನೇರವಾಗಿ ಹೋಗಿ ಮೇಡಂ ತಲೆಯ ಹತ್ತಿರ ಕೂತು, ಮಗುವನ್ನು ತೊಡೆಗೆ ಇಳಿಸಿಕೊಂಡರು. ಬದುಕಿದ್ದವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು.

"ಮೇಡಮ್ಮಾರೆ, ಇವ್ನ ಇಸ್ಕೂಲ್ಗೆ ಸೇರ್ಸುದ್ವಿ. ಚೆಂದಾಗವ್ನೆ. ಒಂದ್ ದಿನ ಜ್ವರ ಅಂತ ಮಲ್ಗಿಲ್ಲ, ಕೂತಲ್ಲಿ ಕೂರಕಿಲ್ಲ. ಕೈ ಮುಗಿ ಮಗಾ."

ಮಗು ಕೈ ಮುಗಿಯಲಿಲ್ಲ. ಅದಕ್ಕೆ ಅಲ್ಲಿದ್ದ ಹಾರದ ಗುಲಾಬಿ ಬೇಕಿತ್ತು. ಕೊಡದಿದ್ದಕ್ಕೆ ಕಾಲು ಒದೆದು, ಮುಖ ಕೆಂಪಗೆ ಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಅರಚಿಕೊಂಡಿತು. ಅಷ್ಟು ಜನ ಮೌನವಾಗಿರುವ ಜಾಗದಲ್ಲಿ ಅದೊಂದೇ ಸದ್ದು. ಅವನ ತಾಯಿ ನಾಚಿಕೆಯಿಂದ ಎತ್ತಿಕೊಳ್ಳಲು ಓಡಿದಳು, ಯಾರೋ ಹಿರಿಯರು "ಶ್" ಅಂದರು.

ಈ ಮಗು ನನ್ನದಾಗಬೇಕಿತ್ತಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ನನ್ನದಾಗಿದ್ದರೆ ಅದಕ್ಕೆ ಇಷ್ಟು ಜೋರಾಗಿ ಅಳುವ ಕಸುವು ಇರುತ್ತಿತ್ತೋ ಇಲ್ಲವೋ. ಆಗ ನನ್ನ ಅಳುವೂ ಬಂತು. ಬಾವ ನನ್ನನ್ನು ನೋಡುತ್ತಿದ್ದ, ಅವನ ಕಣ್ಣೂ ತುಂಬಿತ್ತು.

"ಬುಡಿ, ಅಳ್ಲಿ" ಎಂದೆ ನಾನು ಆ ಹಿರಿಯರಿಗೆ. "ಮೇಡಂ ಕೇಳಿಸ್ಕೊಳ್ಳಲಿ."